ಹಗೆಯಿಲ್ಲ, ಮಾತೂ ಇಲ್ಲ
ಮುನಿಸಿನಿಂದ ಹಗೆಯವರೆಗೆ: ಕೆಲವು ಪದಗಳ ಅಧ್ಯಯನ



ಕಡೂರು, ತರೀಕೆರೆ, ಅಜ್ಜಂಪುರದ ಕಡೆ ಮನೆ ಭೇಟಿಗೆ ಹೋಗುವ ಗುರುಗಳಿಗೆಲ್ಲ ಪರಿಚಿತವಾದ ಒಂದು ಮಾತಿದೆ. "ಪಕ್ಕದ ಮನೆ ನಿಮ್ಮ ಅಣ್ಣನದಲ್ಲವೇ? ಹೇಗಿದ್ದಾರೆ?" ಎಂದು ಕೇಳಿದರೆ ಬರುವ ಉತ್ತರ ಇದು: "ಚೆನ್ನಾಗಿರಬಹುದು ಫಾದರ್. ನಮಗೆ ಅವರ ಮೇಲೆ ಹಗೆ ಏನೂ ಇಲ್ಲ. ಮಾತಿಲ್ಲ, ಅಷ್ಟೆ."

ಈ ಕೊನೆಯ ಪದ, 'ಅಷ್ಟೆ' ಎಂಬುದು, ಬಹಳ ಯೋಚನೆ ಮಾಡಬೇಕಾದ ಪದ. ಹತ್ತು ವರ್ಷಗಳಿಂದ ಒಂದೇ ಗೋಡೆಯ ಎರಡು ಬದಿಯಲ್ಲಿ ವಾಸಿಸಿ, ಒಂದೇ ದೇವಾಲಯದಲ್ಲಿ ಬೇರೆ ಬೇರೆ ಸಾಲಿನಲ್ಲಿ ಕುಳಿತು, ಒಂದೇ ಪೀಠದಿಂದ ಪರಮಪ್ರಸಾದ ಸ್ವೀಕರಿಸಿ, ಒಬ್ಬರ ಮುಖ ಒಬ್ಬರು ನೋಡದೆ ಮನೆಗೆ ಮರಳುವುದಕ್ಕೆ 'ಅಷ್ಟೆ' ಎಂಬ ಹೆಸರು ಸಾಕೇ? ಇದು ಹಗೆ ಅಲ್ಲವಾದರೆ ಇದಕ್ಕೆ ಸರಿಯಾದ ಹೆಸರು ಯಾವುದು? ಈ ವಾರ ಈ ಪ್ರಶ್ನೆಯನ್ನೇ ಹಿಡಿದು ಸ್ನೇಹವಿಲ್ಲದಿರುವಿಕೆಯನ್ನು ಸೂಚಿಸುವ ಕೆಲವು ಪದಗಳನ್ನು ಅಭ್ಯಾಸ ಮಾಡೋಣ. ನಮ್ಮ ಕನ್ನಡದ ಪದಗಳನ್ನೂ, ಇಂದು ನಮ್ಮ ಮಕ್ಕಳ ಬಾಯಲ್ಲಿ ಸಲೀಸಾಗಿ ಬರುವ ಇಂಗ್ಲಿಷ್ ಪದಗಳನ್ನೂ ಜೊತೆಯಾಗಿಯೇ ನೋಡೋಣ.

ಹೆಸರು ಏಕೆ ಬೇಕು?

ವೈದ್ಯರ ಬಳಿ ಹೋಗಿ "ಮೈ ಸರಿಯಿಲ್ಲ" ಎಂದಷ್ಟೇ ಹೇಳಿದರೆ ಅವರು ಔಷಧಿ ಕೊಡಲಾರರು. ಚಳಿ ಬಂತೇ, ಕೆಮ್ಮು ಇದೆಯೇ, ಎಷ್ಟು ದಿನದಿಂದ ಎಂದು ಕೇಳುತ್ತಾರೆ. ಜ್ವರ ಒಂದೇ ಆಗಿ ಕಂಡರೂ ಒಳಗಿನ ಕಾಯಿಲೆ ಬೇರೆ ಬೇರೆ ಇರುತ್ತದೆ. ಆತ್ಮದ ವಿಷಯವೂ ಹೀಗೆಯೇ. ಪಾಪನಿವೇದನೆಗೆ ಸಿದ್ಧರಾಗುವಾಗ ನಾವೆಲ್ಲರೂ ಸಾಮಾನ್ಯವಾಗಿ ಬಳಸುವ ಪದ 'ಕೋಪ' ಒಂದೇ. ಹಾಲು ಚೆಲ್ಲಿದ ಮಗುವನ್ನು ಗದರಿಸಿದ್ದೂ ಕೋಪ, ಹದಿನೈದು ವರ್ಷದಿಂದ ತಂಗಿಯ ಮನೆಯ ಹೊಸ್ತಿಲು ತುಳಿಯದಿರುವುದೂ ಕೋಪ! ಈ ಎರಡನ್ನೂ ಒಂದೇ ಚೀಲಕ್ಕೆ ತುಂಬಿದರೆ ಸಣ್ಣದು ದೊಡ್ಡದಾಗಿ ಕಾಣುತ್ತದೆ, ದೊಡ್ಡದು ಕಾಣದೇ ಹೋಗುತ್ತದೆ.

ಸಂತ ಪೌಲರು ಈ ತಪ್ಪು ಮಾಡಲಿಲ್ಲ. ಎಫೆಸದವರಿಗೆ ಬರೆದ ಪತ್ರದಲ್ಲಿ (4:31) ಬಿಟ್ಟುಬಿಡಬೇಕಾದವುಗಳನ್ನು ಹೇಳುವಾಗ ಅವರು ಒಂದು ಪದಕ್ಕೆ ನಿಲ್ಲಿಸದೆ, ಕಹಿಭಾವ, ರೋಷ, ಕೋಪ, ಕೂಗಾಟ, ನಿಂದೆ, ಕೆಡುಕು ಎಂದು ಒಂದೊಂದಾಗಿ ಎಣಿಸುತ್ತಾರೆ. ಸಂತ ಥಾಮಸ್ ಅಕ್ವಿನಾಸರು ದಮಾಸ್ಕಸ್‌ನ ಸಂತ ಯೊವಾನ್ನರನ್ನು ಅನುಸರಿಸಿ ಕೋಪದಲ್ಲೇ ಮೂರು ಬಗೆಗಳನ್ನು ಗುರುತಿಸುತ್ತಾರೆ. ಥಟ್ಟನೆ ಹೊತ್ತಿಕೊಳ್ಳುವ ಕೋಪ ಒಂದು. ನೆನಪಿನಲ್ಲಿ ಉಳಿದು ಮುಂದುವರಿಯುವ ಕೋಪ ಎರಡನೆಯದು. ಸೇಡು ತೀರಿಸಿಕೊಳ್ಳುವ ಸಮಯಕ್ಕಾಗಿ ಕಾಯುವ ಕೋಪ ಮೂರನೆಯದು. ನಾವೂ ಇದೇ ರೀತಿ ನಮ್ಮ ಮನಸ್ಸಿನಲ್ಲಿರುವುದು ಯಾವುದು ಎಂದು ಗುರುತಿಸಲು ಕಲಿಯಬೇಕು.

ಮುನಿಸು, ಮನಸ್ತಾಪ, ವೈಮನಸ್ಯ

ಮೊದಲು ಹಗುರವಾದ ಪದದಿಂದ ಆರಂಭಿಸೋಣ. ಮುನಿಸು ಅಚ್ಚಗನ್ನಡದ ಪದ. ಇದರ ವಿಶೇಷವೇನೆಂದರೆ ಅಪರಿಚಿತರ ಮೇಲೆ ಮುನಿಸು ಬರುವುದಿಲ್ಲ. ಬಸ್ಸಿನಲ್ಲಿ ಕಾಲು ತುಳಿದವನ ಮೇಲೆ ಸಿಟ್ಟು ಬರಬಹುದು, ಮುನಿಸು ಬಾರದು. ಗಂಡ ಹೆಂಡತಿಯ ಮೇಲೆ, ಮಗಳು ತಾಯಿಯ ಮೇಲೆ, ಸ್ನೇಹಿತೆ ಸ್ನೇಹಿತೆಯ ಮೇಲೆ ಮುನಿಯುತ್ತಾರೆ. "ನನ್ನನ್ನು ಸಮಾಧಾನ ಮಾಡು" ಎಂಬ ಕರೆ ಅದರೊಳಗೆ ಅಡಗಿರುತ್ತದೆ. ಶಾಲೆಯ ಮಕ್ಕಳು ಬೆಳಿಗ್ಗೆ ಠೂ ಬಿಟ್ಟು ಸಂಜೆ ಮತ್ತೆ ಒಟ್ಟಿಗೆ ಆಡುವುದು ಈ ಜಾತಿಗೆ ಸೇರಿದ್ದು.

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂದು ನಮ್ಮ ಹಿರಿಯರು ಗಾದೆ ಕಟ್ಟಿದರು. ಸೂರ್ಯ ಮುಳುಗುವ ಮೊದಲೇ ಕೋಪ ಕೊನೆಗೊಳ್ಳಲಿ ಎಂದು ಸಂತ ಪೌಲರು ಎಫೆಸದವರಿಗೆ ಬುದ್ಧಿ ಹೇಳಿದರು (4:26). ಎರಡರ ಒಳಗಿನ ವಿವೇಕ ಒಂದೇ: ಕೋಪ ಬರುವುದಿಲ್ಲ ಎಂದು ಯಾರೂ ಹೇಳಿಲ್ಲ, ಅದಕ್ಕೆ ಒಂದು ಗಡುವು ಇರಲಿ ಎಂದಿದ್ದಾರೆ. ನಮ್ಮ ಪ್ರಭುವೂ ಕೈ ಬತ್ತಿದವನನ್ನು ಗುಣಪಡಿಸುವಾಗ ಸುತ್ತಲಿದ್ದವರ ಕಲ್ಲುಮನಸ್ಸನ್ನು ಕಂಡು ಕೋಪಗೊಂಡರು ಎಂದು ಮಾರ್ಕನ ಶುಭಸಂದೇಶ ತಿಳಿಸುತ್ತದೆ (3:5). ಆ ಕೋಪದ ಜೊತೆಯಲ್ಲೇ ದುಃಖವೂ ಇತ್ತು, ಅದು ಮುಗಿದದ್ದು ಒಬ್ಬನಿಗೆ ಸ್ವಸ್ಥತೆ ಕೊಡುವುದರಲ್ಲಿ.

ಗಡುವು ದಾಟಿದ ಮುನಿಸು ಮನಸ್ತಾಪವಾಗುತ್ತದೆ. ತಾಪ ಎಂದರೆ ಬಿಸಿ, ಬೇಗೆ. ಮನಸ್ಸು ಇನ್ನೂ ಸುಡುತ್ತಿದೆ ಎಂದರ್ಥ. ಸುಡುತ್ತಿರುವವರೆಗೂ ಒಂದು ರೀತಿಯಲ್ಲಿ ಭರವಸೆ ಇದೆ. ನೋವು ಇರುವಲ್ಲಿ ಜೀವವೂ ಇದೆ. ಮುಂದಿನ ಮೆಟ್ಟಿಲು ವೈಮನಸ್ಯ. ಇಲ್ಲಿ ಬೇಗೆ ಆರಿದೆ, ಆದರೆ ಮನಸ್ಸುಗಳು ಬೇರೆಯಾಗಿವೆ. ಜಗಳವಿಲ್ಲ, ಕೂಗಾಟವಿಲ್ಲ. ಹೊರಗಿನಿಂದ ನೋಡಿದವರಿಗೆ ಎಲ್ಲವೂ ಶಾಂತ. ನಿಜವಾದ ಅಪಾಯ ಆರಂಭವಾಗುವುದು ಇಲ್ಲಿಂದ.

ಮಾತು ಬಿಡುವುದು

ಜೋಸೆಫನ ಕಥೆ ನಿಮಗೆಲ್ಲ ಗೊತ್ತಿದೆ. ತಂದೆ ಯಕೋಬನು ಅವನಿಗೆ ವಿಶೇಷ ನಿಲುವಂಗಿ ಕೊಡಿಸಿದ. ಅಣ್ಣಂದಿರು ಅವನನ್ನು ಬಾವಿಗೆ ತಳ್ಳಿ ನಂತರ ಮಾರಿದರು. ಈ ಎರಡರ ಮಧ್ಯೆ ಬರುವ ಒಂದು ಸಣ್ಣ ವಾಕ್ಯವನ್ನು ನಾವು ಗಮನಿಸದೆ ದಾಟಿಬಿಡುತ್ತೇವೆ. ಅಣ್ಣಂದಿರಿಗೆ ಅವನೊಡನೆ ಸ್ನೇಹದಿಂದ ಒಂದು ಮಾತನಾಡಲೂ ಆಗದೆ ಹೋಯಿತು ಎಂದು ಆದಿಕಾಂಡ ಹೇಳುತ್ತದೆ (37:4). ಹೀಬ್ರೂ ಮೂಲದಲ್ಲಿ ಅಲ್ಲಿರುವುದು 'ಶಾಲೋಮ್' ಎಂಬ ಪದ. ಅದು ಶಾಂತಿಯೂ ಹೌದು, ದಿನನಿತ್ಯದ ನಮಸ್ಕಾರವೂ ಹೌದು. ಬಾವಿಗೆ ತಳ್ಳುವುದಕ್ಕೆ ಬಹಳ ಮೊದಲೇ ಆ ಮನೆಯಲ್ಲಿ ನಮಸ್ಕಾರ ನಿಂತುಹೋಗಿತ್ತು!

ಅದೇ ಕಥೆಯ ಕೊನೆಯ ಭಾಗವನ್ನೂ ನೋಡಿ. ಈಜಿಪ್ಟಿನಲ್ಲಿ ಜೋಸೆಫನು ತಾನು ಯಾರೆಂದು ತಿಳಿಸಿ, ಅಣ್ಣಂದಿರನ್ನು ಅಪ್ಪಿಕೊಂಡು ಅಳುತ್ತಾನೆ. ಆಮೇಲೆ ಅವರು ಅವನೊಂದಿಗೆ ಮಾತನಾಡಿದರು ಎಂದು ಪವಿತ್ರ ಗ್ರಂಥ ಬರೆಯುತ್ತದೆ (45:15). ಏನು ಮಾತನಾಡಿದರು ಎಂದು ಬರೆದಿಲ್ಲ. ಮಾತನಾಡಿದರು ಎಂಬುದೇ ಸುದ್ದಿ. ನಿಂತ ಮಾತಿನಿಂದ ಆರಂಭವಾದ ಒಡಕು ಮಾತು ಮರಳಿ ಬಂದಾಗ ವಾಸಿಯಾಯಿತು.

ಮೌನ ಬಂಗಾರ ಎಂಬ ಗಾದೆಯನ್ನು ಹಿಡಿದುಕೊಂಡು ಕೆಲವರು "ನಾನು ಜಗಳಕ್ಕೆ ಹೋಗುವುದಿಲ್ಲ, ಸುಮ್ಮನಿದ್ದೇನೆ" ಎನ್ನುತ್ತಾರೆ. ಆದರೆ ಗ್ರೀಕ್ ತತ್ತ್ವಜ್ಞಾನಿ ಅರಿಸ್ಟಾಟಲ್ ಇಂಥವರ ಬಗ್ಗೆ ಒಂದು ಸೂಕ್ಷ್ಮವಾದ ವಿಚಾರ ಹೇಳಿದ್ದಾನೆ. ಮುಂಗೋಪಿಗಳು ಬೇಗ ಸಿಡಿದು ಬೇಗ ತಣ್ಣಗಾಗುತ್ತಾರೆ. ಕೋಪವನ್ನು ಒಳಗೆ ಅದುಮಿಟ್ಟುಕೊಳ್ಳುವವರನ್ನು ಅವನು 'ಕಹಿಯಾದವರು' ಎಂದು ಕರೆಯುತ್ತಾನೆ. ಅವರ ಕೋಪ ಹೊರಗೆ ಕಾಣುವುದಿಲ್ಲವಾದ್ದರಿಂದ ಯಾರೂ ಅವರನ್ನು ಸಮಾಧಾನ ಮಾಡಲು ಬರುವುದಿಲ್ಲ. ಒಳಗೇ ಅದು ಜೀರ್ಣವಾಗಲು ಬಹಳ ಕಾಲ ಬೇಕು. ಅಂಥವರು ತಮಗೂ ತಮ್ಮ ಆಪ್ತರಿಗೂ ಎಲ್ಲರಿಗಿಂತ ಹೆಚ್ಚು ತೊಂದರೆ ಕೊಡುತ್ತಾರೆ. ಸಂತ ಪೌಲರ ಪಟ್ಟಿಯಲ್ಲಿ ಮೊದಲು ಬರುವ 'ಕಹಿಭಾವ'ವೂ ಗ್ರೀಕಿನಲ್ಲಿ ಇದೇ ಮೂಲದ ಪದ.

ಈ ಅದುಮಿಟ್ಟ ಕೋಪಕ್ಕೆ ನಮ್ಮ ಬಯಲುಸೀಮೆಯಲ್ಲಿ ಒಂದು ಒಳ್ಳೆಯ ಹೋಲಿಕೆ ಇದೆ. ಹಿಂದೆ ರಾಗಿಯನ್ನು ಹಗೇವಿನಲ್ಲಿ ತುಂಬಿಡುತ್ತಿದ್ದರು. ನೆಲದಡಿಯ ಗುಂಡಿ, ಕಿರಿದಾದ ಬಾಯಿ, ಅಗಲವಾದ ಹೊಟ್ಟೆ. ಬಾಯಿಗೆ ಚಪ್ಪಡಿ ಮುಚ್ಚಿ ಮೇಲೆ ಮಣ್ಣು ಹಾಕಿದರೆ ಅಲ್ಲೊಂದು ಗುಂಡಿ ಇದೆಯೆಂದೇ ಗೊತ್ತಾಗದು. ರಾಗಿ ವರ್ಷಗಟ್ಟಲೆ ಕೆಡದೆ ಉಳಿಯುತ್ತಿತ್ತು. ಆದರೆ ಹಗೇವು ತೆರೆದ ಕೂಡಲೇ ಯಾರೂ ಒಳಗೆ ಇಳಿಯುತ್ತಿರಲಿಲ್ಲ. ಒಳಗಿನ ಕೆಟ್ಟ ಗಾಳಿಗೆ ಉಸಿರುಗಟ್ಟಿ ಸಾಯುವ ಭಯವಿತ್ತು. ಬಾಯಿ ತೆರೆದಿಟ್ಟು, ಗಾಳಿಯಾಡಲು ಬಿಟ್ಟು, ದೀಪ ಇಳಿಸಿ ಅದು ಆರುವುದಿಲ್ಲ ಎಂದು ಖಚಿತವಾದ ಮೇಲೆ ಇಳಿಯುತ್ತಿದ್ದರು. 'ಹಗೆ' ಮತ್ತು 'ಹಗೇವು' ಅರ್ಥದಲ್ಲಿ ಬೇರೆ ಬೇರೆ. ಆದರೂ ಕಿವಿಗೆ ಹತ್ತಿರವಾಗಿ ಕೇಳುವ ಈ ಎರಡು ಪದಗಳನ್ನು ಒಟ್ಟಿಗೆ ನೆನಪಿಟ್ಟುಕೊಳ್ಳುವುದು ಒಳ್ಳೆಯದು. ಮುಚ್ಚಿಟ್ಟ ಮನಸ್ಸಿನಲ್ಲಿಯೂ ಹಳೆಯ ಮಾತು ಕೆಡದೆ ಉಳಿಯುತ್ತದೆ, ಗಾಳಿ ಮಾತ್ರ ವಿಷವಾಗುತ್ತದೆ.

ಇಂಗ್ಲಿಷಿನಲ್ಲಿ ಇದಕ್ಕೆ ಸಮೀಪವಾದ ಪದ 'ರ್‍ಯಾಂಕರ್'. ಲ್ಯಾಟಿನ್ ಮೂಲದಲ್ಲಿ ಅದರ ಅರ್ಥ ಕೊಳೆತ, ಮುಗ್ಗಿದ ವಾಸನೆ. ಎಣ್ಣೆ ಹಳತಾಗಿ ಕಮಟು ಬರುವುದಕ್ಕೆ ಬಳಸುವ 'ರ್‍ಯಾನ್ಸಿಡ್' ಎಂಬ ಪದವೂ ಅದೇ ಬೇರಿನದು. 'ಗ್ರಡ್ಜ್' ಎಂಬ ಇನ್ನೊಂದು ಪದ ಗೊಣಗುವುದು ಎಂಬರ್ಥದ ಹಳೆಯ ಫ್ರೆಂಚ್ ಪದದಿಂದ ಬಂದದ್ದು. ಒಂದು ಬಾಯಲ್ಲಿ ಗೊಣಗುವ ಮನಸ್ಸು, ಇನ್ನೊಂದು ಒಳಗೇ ಕೊಳೆಯುವ ಮನಸ್ಸು.

ಇಗ್ನೋರ್, ಅವಾಯ್ಡ್, ಬ್ಲಾಕ್

ಬೆಂಗಳೂರಿನಲ್ಲಿ ಓದುವ, ಕೆಲಸ ಮಾಡುವ ನಮ್ಮ ಯುವಕ ಯುವತಿಯರು ಹಬ್ಬಕ್ಕೆ ಊರಿಗೆ ಬಂದಾಗ ಅವರ ಮಾತನ್ನು ಕೇಳಿ. "ಚಿಕ್ಕಪ್ಪ ನಮ್ಮನ್ನು ಅವಾಯ್ಡ್ ಮಾಡ್ತಿದ್ದಾರೆ", "ನಾನೂ ಇಗ್ನೋರ್ ಮಾಡಿದೆ", "ಅವಳ ನಂಬರ್ ಬ್ಲಾಕ್ ಮಾಡಿದ್ದೀನಿ", "ಅವನಿಗೆ ತುಂಬ ಈಗೋ". ಮುನಿಸು, ಮನಸ್ತಾಪ ಎಂಬ ಪದಗಳ ಜಾಗದಲ್ಲಿ ಈ ಪದಗಳು ಬಂದು ಕುಳಿತಿವೆ. ಇಂಗ್ಲಿಷ್ ಬಂದದ್ದು ತಪ್ಪೇನಲ್ಲ. ಆದರೆ ಈ ಪದಗಳಲ್ಲಿ ಒಂದು ಜಾಣತನವಿದೆ. "ನಾನು ಅತ್ತೆಯೊಡನೆ ಮಾತು ಬಿಟ್ಟಿದ್ದೇನೆ" ಎಂದು ಹೇಳುವಾಗ ಮನಸ್ಸಿನಲ್ಲಿ ಸ್ವಲ್ಪ ಚುಚ್ಚುತ್ತದೆ. "ಅತ್ತೆಯನ್ನು ಇಗ್ನೋರ್ ಮಾಡಿದೆ" ಎಂದಾಗ ಅಷ್ಟು ಚುಚ್ಚುವುದಿಲ್ಲ. ಬೇರೆ ಭಾಷೆಯ ಪದ ಕೈಗವಸಿನಂತೆ. ಮುಟ್ಟಿದ್ದು ಬಿಸಿಯೋ ತಣ್ಣಗೋ ಎಂದು ತಿಳಿಯುವುದಿಲ್ಲ.

ಈ ಪದಗಳ ಮೂಲ ಅರ್ಥ ನೋಡಿದರೆ ಅವುಗಳ ತೂಕ ಗೊತ್ತಾಗುತ್ತದೆ. 'ಇಗ್ನೋರ್' ಎಂಬುದರ ಲ್ಯಾಟಿನ್ ಮೂಲಕ್ಕೆ 'ಅರಿಯದಿರು, ಗೊತ್ತಿಲ್ಲದಿರು' ಎಂಬ ಅರ್ಥ. ಅಂದರೆ ಗೊತ್ತಿರುವ ಒಬ್ಬರನ್ನು ಗೊತ್ತೇ ಇಲ್ಲ ಎಂಬಂತೆ ನಡೆಸಿಕೊಳ್ಳುವುದು. ಪ್ರಧಾನ ಯಾಜಕನ ಅಂಗಳದಲ್ಲಿ ಸಂತ ಪೇತ್ರರು ಮೂರು ಸಲ ಮಾಡಿದ್ದು ಇದನ್ನೇ: ಆ ಮನುಷ್ಯನನ್ನು ನಾನು ಅರಿಯೆ ಎಂದರು. ಪೇತ್ರರು ಪ್ರಭುವನ್ನು ದ್ವೇಷಿಸಲಿಲ್ಲ. ಆದರೂ ಕೋಳಿ ಕೂಗಿದಾಗ ಹೊರಗೆ ಹೋಗಿ ಬಹಳವಾಗಿ ಅತ್ತರು. ದ್ವೇಷವಿಲ್ಲದೆಯೂ ಒಬ್ಬರನ್ನು ನಿರಾಕರಿಸಬಹುದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ? 'ಅವಾಯ್ಡ್' ಎಂಬುದು 'ಬರಿದು ಮಾಡು' ಎಂಬರ್ಥದ ಹಳೆಯ ಫ್ರೆಂಚ್ ಮೂಲದ ಪದ. ಒಬ್ಬರು ಇರಬೇಕಾದ ಜಾಗವನ್ನು ಖಾಲಿ ಮಾಡುವುದು ಎಂದಾಯಿತು.

ಕನ್ನಡದಲ್ಲಿ ಇವಕ್ಕೆ ಹತ್ತಿರದ ಪದ ಉದಾಸೀನ. ಸಂಸ್ಕೃತದಲ್ಲಿ 'ಆಸೀನ' ಎಂದರೆ ಕುಳಿತಿರುವವನು. ಉದಾಸೀನ ಎಂದರೆ ದೂರ ಸರಿದು ಕುಳಿತವನು. ದಾರಿಯಲ್ಲಿ ಗಾಯಗೊಂಡು ಬಿದ್ದವನನ್ನು ಕಂಡು ಆಚೆ ಬದಿಯಿಂದ ಹೋದ ಯಾಜಕನಿಗೂ ಲೇವಿಯನಿಗೂ (ಲೂಕ 10:31-32) ಅವನ ಮೇಲೆ ಹಗೆ ಇರಲಿಲ್ಲ. ಪೋಪ್ ಫ್ರಾನ್ಸಿಸ್ ಅವರು 2013ರ ಜುಲೈ ತಿಂಗಳಲ್ಲಿ ಇಟಲಿಯ ಲಾಂಪೆಡೂಸಾ ದ್ವೀಪಕ್ಕೆ ಹೋಗಿ, ಸಮುದ್ರದಲ್ಲಿ ಮುಳುಗಿ ಸತ್ತ ವಲಸಿಗರಿಗಾಗಿ ಪ್ರಾರ್ಥಿಸಿದಾಗ, ಈ ಉದಾಸೀನವು ಇಡೀ ಜಗತ್ತನ್ನು ವ್ಯಾಪಿಸಿದೆ ಎಂದು ಎಚ್ಚರಿಸಿದರು. ಜಗತ್ತಿನ ಮಾತು ಹಾಗಿರಲಿ, ನಮ್ಮ ಬೀದಿಯಲ್ಲಿ ಕಾಯಿಲೆ ಬಿದ್ದ ಅಣ್ಣನನ್ನು ನೋಡಲು ಹೋಗದೆ, ತೀರಿಕೊಂಡ ಮೇಲೆ ಮಣ್ಣಿಗೆ ಮಾತ್ರ ಹೋಗಿ ಬರುವವರು ಎಷ್ಟು ಜನ!

ರೈವಲ್ ಮತ್ತು ದಾಯಾದಿ

ಇನ್ನು ನಮ್ಮ ಭಾಗದ ರೈತಾಪಿ ಜನರಿಗೆ ಚೆನ್ನಾಗಿ ಅರ್ಥವಾಗುವ ಎರಡು ಪದಗಳು. ಎದುರಾಳಿ, ಪೈಪೋಟಿಗಾರ ಎಂಬರ್ಥದಲ್ಲಿ ಇಂಗ್ಲಿಷಿನವರು 'ರೈವಲ್' ಎನ್ನುತ್ತಾರೆ. ಲ್ಯಾಟಿನ್ನಿನಲ್ಲಿ 'ರಿವುಸ್' ಎಂದರೆ ತೊರೆ, ಕಾಲುವೆ. ಒಂದೇ ಕಾಲುವೆಯ ನೀರು ಹಂಚಿಕೊಳ್ಳುವವರನ್ನು ಆ ಪದದಿಂದ ಕರೆಯುತ್ತಿದ್ದರು. ಹಂಚಿಕೊಳ್ಳುವವರು ಎಂಬ ಪದ ಕಾಲಕ್ರಮದಲ್ಲಿ ಕಿತ್ತಾಡುವವರು ಎಂದಾಯಿತು. ಅಯ್ಯನಕೆರೆ, ಮದಗದಕೆರೆಯಂಥ ಕೆರೆಗಳ ಕೆಳಗೆ ಬೇಸಾಯ ಮಾಡಿದ ಮನೆತನದವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ತೂಬು ಎತ್ತಿದ ದಿನ ಯಾರ ಗದ್ದೆಗೆ ಮೊದಲು, ಯಾರ ಸರದಿ ತಪ್ಪಿತು, ನೀರುಗಂಟಿ ಯಾರ ಪರ ಎಂಬ ಲೆಕ್ಕ ಅವರಿಗೆ ಗೊತ್ತು. ಇಂದು ಕಾಲುವೆಯ ಜಾಗದಲ್ಲಿ ಕೊಳವೆಬಾವಿ ಬಂದಿದೆ. ಅಡಿಕೆ ತೋಟಕ್ಕೋ ಈರುಳ್ಳಿ ಹೊಲಕ್ಕೋ ಹರಿಯುವ ನೀರಿನ ಜೊತೆ ಹಳೆಯ ಜಗಳವೂ ಪೈಪಿನಲ್ಲಿ ಹರಿಯುತ್ತಿದೆ.

ದಾಯಾದಿ ಎಂಬ ಪದದ ಕಥೆಯೂ ಇದೇ. ದಾಯ ಎಂದರೆ ಪಿತ್ರಾರ್ಜಿತ ಆಸ್ತಿ. ಅದರಲ್ಲಿ ಪಾಲು ಪಡೆಯುವವನು ದಾಯಾದ. ಅಂದರೆ ರಕ್ತಸಂಬಂಧಿ, ನಮ್ಮವನು. ಆದರೆ ಇಂದು "ಅವರು ದಾಯಾದಿಗಳಂತೆ ಆಡುತ್ತಾರೆ" ಎಂದರೆ ಅರ್ಥವೇ ಬೇರೆ. ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ. ಪ್ರಪಂಚದ ಎರಡು ಮೂಲೆಗಳ ಎರಡು ಭಾಷೆಗಳು ಒಂದೇ ಸತ್ಯವನ್ನು ಹೇಳುತ್ತಿವೆ: ಒಡಕು ಹುಟ್ಟುವುದು ಹೆಚ್ಚಾಗಿ ದೂರದವರ ನಡುವೆ ಅಲ್ಲ, ಒಂದೇ ಪಾಲಿಗೆ ಕೈ ಚಾಚುವವರ ನಡುವೆ.

ಪ್ರಭು ಯೇಸುವಿನ ಬಳಿಗೂ ಒಬ್ಬನು ಬಂದು, ಆಸ್ತಿ ಭಾಗ ಮಾಡಿಕೊಡುವಂತೆ ತನ್ನ ಅಣ್ಣನಿಗೆ ಹೇಳಬೇಕೆಂದು ಕೇಳಿಕೊಂಡ (ಲೂಕ 12:13). ಪ್ರಭುವು ಪಂಚಾಯಿತಿಗೆ ಕೂರಲಿಲ್ಲ. ದುರಾಶೆಯ ವಿಷಯದಲ್ಲಿ ಎಚ್ಚರವಾಗಿರಿ ಎಂದು ಇಬ್ಬರಿಗೂ ಅನ್ವಯಿಸುವ ಮಾತನಾಡಿದರು. ಇದರ ಅರ್ಥ ನ್ಯಾಯವಾದ ಪಾಲು ಕೇಳಬಾರದು ಎಂದಲ್ಲ. ಉಯಿಲು ಬರೆಯದೆ ತೀರಿಕೊಂಡ ಕ್ರೈಸ್ತರ ಆಸ್ತಿಯಲ್ಲಿ ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಸಮಪಾಲು ಎಂದು 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಹೇಳುತ್ತದೆ. ಮದುವೆಯಾಗಿ ಹೋದ ತಂಗಿ ಅದನ್ನು ಕೇಳಿದರೆ ಅವಳು ಹಗೆ ಸಾಧಿಸುತ್ತಿದ್ದಾಳೆ ಎನ್ನುವುದು ಪದಕ್ಕೆ ಮಾಡುವ ಅನ್ಯಾಯ, ತಂಗಿಗೆ ಮಾಡುವ ಅನ್ಯಾಯವೂ ಹೌದು. ಹಕ್ಕು ಕೇಳುವುದು ಬೇರೆ, ಹಗೆ ಸಾಧಿಸುವುದು ಬೇರೆ.

ಹಗೆ, ವೈರ, ಹಾಸ್ಟೈಲ್

ಈಗ ಅತ್ಯಂತ ಭಾರವಾದ ಪದಗಳಿಗೆ ಬರೋಣ. ಹಗೆ ಹಳಗನ್ನಡದಲ್ಲಿ 'ಪಗೆ' ಆಗಿತ್ತು. ತಮಿಳು ಮನೆಮಾತಿನವರು ಇಂದಿಗೂ 'ಪಗೈ' ಎನ್ನುತ್ತಾರೆ. ವೈರ ಎಂಬ ಸಂಸ್ಕೃತ ಪದ 'ವೀರ' ಎಂಬುದರಿಂದ ಬಂದದ್ದು. ಎಷ್ಟೋ ಮಂದಿ ಸೋಲದಿರುವುದನ್ನೇ ವೀರತನ ಎಂದು ತಿಳಿದು ವೈರ ಮುಂದುವರಿಸುವುದನ್ನು ನೋಡಿದರೆ ಆ ಪದದ ಹುಟ್ಟು ಅರ್ಥವಾಗುತ್ತದೆ.

ಕೋಪಕ್ಕೂ ಹಗೆಗೂ ಇರುವ ವ್ಯತ್ಯಾಸವನ್ನು ಸಂತ ಥಾಮಸ್ ಅಕ್ವಿನಾಸರು ಸ್ಪಷ್ಟವಾಗಿ ತಿಳಿಸುತ್ತಾರೆ. ಕೋಪಕ್ಕೆ ಒಂದು ಅಳತೆ ಇದೆ. ತಪ್ಪು ಮಾಡಿದವನು ತಪ್ಪಿಗೆ ತಕ್ಕಷ್ಟು ಅನುಭವಿಸಲಿ ಎಂದು ಅದು ಬಯಸುತ್ತದೆ. ಅವನು ಅದಕ್ಕಿಂತ ಹೆಚ್ಚು ಕಷ್ಟಪಟ್ಟರೆ ಕರುಣೆ ಹುಟ್ಟುತ್ತದೆ. ಹಗೆಗೆ ಅಳತೆ ಇಲ್ಲ. ಅದು ಎದುರಿನವನ ಕೇಡನ್ನು ಕೇಡಿಗಾಗಿಯೇ ಬಯಸುತ್ತದೆ. ಆದ್ದರಿಂದ ನಮ್ಮನ್ನು ಪರೀಕ್ಷಿಸಿಕೊಳ್ಳಲು ಒಂದು ಸುಲಭವಾದ ಪ್ರಶ್ನೆ ಇದೆ. ಮಾತು ಬಿಟ್ಟ ಆ ಮನೆಯ ಮಗ ಪರೀಕ್ಷೆಯಲ್ಲಿ ಫೇಲಾದ, ಅವರ ತೋಟಕ್ಕೆ ಕೊಳೆರೋಗ ಬಂತು ಎಂಬ ಸುದ್ದಿ ಕೇಳಿದಾಗ ನನ್ನ ಮನಸ್ಸಿನಲ್ಲಿ ಮೊದಲು ಎದ್ದದ್ದು ಏನು? ಅಯ್ಯೋ ಎನಿಸಿದರೆ ನಿಮ್ಮಲ್ಲಿರುವುದು ಮನಸ್ತಾಪ. ಒಳಗೊಳಗೇ ಸ್ವಲ್ಪ ಹಿತವೆನಿಸಿದರೆ 'ಹಗೆ ಇಲ್ಲ' ಎಂಬ ಮಾತನ್ನು ಮತ್ತೆ ಯೋಚಿಸಿ ನೋಡಬೇಕು. ಹೀಗೆ ಎದ್ದ ಭಾವನೆಯೇ ಪಾಪವಲ್ಲ. ಅದು ಎಚ್ಚರಿಕೆಯ ಗಂಟೆ. 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥವು (2303), ನೆರೆಯವನಿಗೆ ಬೇಕೆಂದೇ ಕೇಡು ಬಯಸುವುದು ಪಾಪ, ಗಂಭೀರವಾದ ಹಾನಿಯನ್ನು ಬೇಕೆಂದೇ ಬಯಸುವುದು ಗಂಭೀರ ಪಾಪ ಎಂದು ಬೋಧಿಸುತ್ತದೆ.

ಇಂಗ್ಲಿಷಿನ 'ಎನಿಮಿ' ಎಂಬ ಪದ ಲ್ಯಾಟಿನ್ನಿನಲ್ಲಿ 'ಸ್ನೇಹಿತನಲ್ಲದವನು' ಎಂದಷ್ಟೇ ಅರ್ಥ ಕೊಡುತ್ತದೆ. 'ಹಾಸ್ಟೈಲ್' ಎಂಬುದು ಇನ್ನೂ ಕುತೂಹಲಕಾರಿ. ಅದರ ಮೂಲವಾದ 'ಹೋಸ್ಟಿಸ್' ಎಂಬ ಪದಕ್ಕೆ ಬಹಳ ಹಿಂದೆ ಇದ್ದ ಅರ್ಥ ಪರದೇಶಿ, ಹೊರಗಿನವನು ಎಂಬುದಾಗಿ ರೋಮಿನ ಸಿಸೆರೋ ಬರೆದಿದ್ದಾನೆ. ಅತಿಥಿ ಎಂಬರ್ಥದ 'ಹೋಸ್ಪೆಸ್' ಎಂಬ ಪದ ಅದರ ಬಂಧು. ನಾವು ದಿನವೂ ಹೇಳುವ 'ಹಾಸ್ಪಿಟಲ್', 'ಹಾಸ್ಟೆಲ್' ಎಂಬ ಪದಗಳು ಆ ಮನೆಯಿಂದ ಬಂದವು. ಬಾಗಿಲಿಗೆ ಬಂದ ಅಪರಿಚಿತನನ್ನು ಒಳಗೆ ಕರೆದರೆ ಅತಿಥಿ, ಹೊರಗೇ ನಿಲ್ಲಿಸಿದರೆ ವೈರಿ!

ನಾವೂ ಹೀಗೆಯೇ ಬಾಗಿಲಲ್ಲಿ ನಿಂತಿದ್ದವರು. ನಾವು ಇನ್ನೂ ವೈರಿಗಳಾಗಿದ್ದಾಗಲೇ ದೇವರು ತಮ್ಮ ಪುತ್ರನ ಮರಣದ ಮೂಲಕ ನಮ್ಮೊಡನೆ ಸಂಧಾನ ಮಾಡಿಕೊಂಡರು ಎಂದು ಸಂತ ಪೌಲರು ರೋಮನರಿಗೆ ಬರೆದಿದ್ದಾರೆ (5:10). ನಾವು ಸ್ನೇಹಿತರಾದ ಮೇಲೆ ದೇವರು ಕರೆದದ್ದಲ್ಲ; ಕರೆದ ಮೇಲೆ ನಾವು ಸ್ನೇಹಿತರಾದೆವು. ಪ್ರತಿ ಭಾನುವಾರದ ಬಲಿಪೂಜೆಯಲ್ಲಿ ನಾವು ಕುಳಿತುಕೊಳ್ಳುವುದು ಇಂಥ ಅತಿಥಿಗಳ ಸಾಲಿನಲ್ಲಿ.

ಸಂಬಂಧದ ಹೆಸರು ಮರಳಿ ಬರಲಿ

ಒಡಕಿನ ಒಂದು ಗುರುತನ್ನು ನೀವೂ ಗಮನಿಸಿರುತ್ತೀರಿ. ಮಾತು ಬಿಟ್ಟ ಮೇಲೆ ಸಂಬಂಧದ ಹೆಸರು ಮಾಯವಾಗುತ್ತದೆ. "ನಮ್ಮಣ್ಣ" ಎಂಬುದು "ಆ ಮನುಷ್ಯ" ಆಗುತ್ತದೆ. "ಅತ್ತಿಗೆ" ಎಂಬುದು "ಆ ಮನೆಯವರು" ಆಗುತ್ತದೆ. ದುಂದುಗಾರ ಮಗನ ಸಾಮತಿಯಲ್ಲಿ ಹಿರಿಯ ಮಗ ಮಾಡಿದ್ದು ಇದನ್ನೇ. ಅವನು ತಂದೆಯ ಮುಂದೆ "ನನ್ನ ತಮ್ಮ" ಎನ್ನಲಿಲ್ಲ; "ನಿನ್ನ ಮಗ" ಎಂಬರ್ಥದಲ್ಲಿ ಮಾತನಾಡಿದ. ತಂದೆ ಉತ್ತರಿಸುವಾಗ ಮೆಲ್ಲನೆ ಆ ಪದವನ್ನು ತಿದ್ದಿ, ಅವನು ನಿನ್ನ ತಮ್ಮ ಎಂದು ನೆನಪಿಸಿದ (ಲೂಕ 15:30-32). ಸಂಧಾನದ ಮೊದಲ ಹೆಜ್ಜೆ ಇಷ್ಟು ಚಿಕ್ಕದಾಗಿರಬಹುದು. ಮನೆಯಲ್ಲಿ ಮಕ್ಕಳ ಮುಂದೆ ಮಾತನಾಡುವಾಗ "ನಿಮ್ಮ ದೊಡ್ಡಪ್ಪ" ಎಂದು ಹೇಳಿ ನೋಡಿ. ಮಕ್ಕಳಿಗೆ ಒಬ್ಬ ದೊಡ್ಡಪ್ಪ ಸಿಗುತ್ತಾನೆ, ನಮಗೆ ಒಬ್ಬ ಅಣ್ಣ ಮರಳಿ ಸಿಗಬಹುದು.

ಎರಡನೆಯದಾಗಿ, ಕಾಣಿಕೆಯನ್ನು ಪೀಠದ ಮುಂದೆ ಬಿಟ್ಟು ಮೊದಲು ಹೋಗಿ ಸಮಾಧಾನ ಮಾಡಿಕೊ ಎಂಬ ಪ್ರಭುವಿನ ಬೋಧನೆಯನ್ನು (ಮತ್ತಾಯ 5:23-24) ಎಚ್ಚರದಿಂದ ಓದಿ. ನಿನಗೆ ಅವನ ಮೇಲೆ ಏನಾದರೂ ಇದ್ದರೆ ಎಂದು ಪ್ರಭು ಹೇಳಿಲ್ಲ. ಅವನಿಗೆ ನಿನ್ನ ಮೇಲೆ ಏನಾದರೂ ಇದ್ದರೆ ಎಂದಿದ್ದಾರೆ. "ನನ್ನ ಮನಸ್ಸಿನಲ್ಲಿ ಏನೂ ಇಲ್ಲ, ಅವರಿಗೆ ಬೇಕಾದರೆ ಬರಲಿ" ಎಂಬ ನಮ್ಮ ಬಿಗುಮಾನಕ್ಕೆ ಇಲ್ಲಿ ಜಾಗವೇ ಇಲ್ಲ. ಪೂಜೆಯಲ್ಲಿ ಶಾಂತಿಯ ಕುರುಹಾಗಿ ಪಕ್ಕದವರಿಗೆ ಕೈಜೋಡಿಸುತ್ತೇವೆ. ಆದರೆ ಪಕ್ಕದಲ್ಲಿ ಯಾರು ಇರಬೇಕೆಂದು ಆರಿಸಿ ಕುಳಿತವರು ನಾವೇ ಅಲ್ಲವೇ?

ಮೂರನೆಯದಾಗಿ, ಹಗೇವಿನ ನೀತಿಯನ್ನು ಪಾಲಿಸಿ. ವರ್ಷಗಳಿಂದ ಮುಚ್ಚಿದ ವಿಷಯಕ್ಕೆ ಒಮ್ಮೆಲೇ ಇಳಿಯಬೇಡಿ. ಮೊದಲ ದಿನವೇ ಹಳೆಯ ಪತ್ರ, ಗಡಿಕಲ್ಲು, ಕೊಟ್ಟ ಸಾಲ ಎತ್ತಿದರೆ ಉಸಿರುಗಟ್ಟುತ್ತದೆ. ಮೊದಲು ಗಾಳಿಯಾಡಲಿ. "ಊಟ ಆಯ್ತಾ ಅಣ್ಣ?", "ಅತ್ತಿಗೆ, ಮಂಡಿ ನೋವು ಹೇಗಿದೆ?" ಎಂಬ ಸಾಮಾನ್ಯ ಮಾತು ಸಾಕು. ಉತ್ತರ ಬಾರದಿದ್ದರೆ ಇನ್ನೊಂದು ದಿನ ಮತ್ತೆ ಕೇಳಿ. ದೀಪ ಆರದೆ ಉಳಿಯುತ್ತದೆ ಎಂದು ಕಂಡ ಮೇಲೆ, ಇಬ್ಬರೂ ಗೌರವಿಸುವ ಹಿರಿಯರನ್ನು ಕೂರಿಸಿಕೊಂಡು ಕಷ್ಟದ ವಿಷಯಕ್ಕೆ ಇಳಿಯಿರಿ. ನ್ಯಾಯಾಲಯದಲ್ಲಿ ವ್ಯಾಜ್ಯ ಇದ್ದರೂ ಬಾಗಿಲು ಮುಚ್ಚಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯಡಿ ನಡೆಯುವ ಲೋಕ ಅದಾಲತ್‌ನಲ್ಲಿ ರಾಜಿಯಾದರೆ ಆ ತೀರ್ಮಾನವೇ ಅಂತಿಮ, ಮೇಲ್ಮನವಿ ಇಲ್ಲ, ಕಟ್ಟಿದ ನ್ಯಾಯಾಲಯ ಶುಲ್ಕವೂ ಮರಳಿ ಸಿಗುತ್ತದೆ.

ಒಂದು ಎಚ್ಚರಿಕೆಯನ್ನೂ ಹೇಳಲೇಬೇಕು. ಕ್ಷಮೆ ಎಂದರೆ ಹೊಡೆತಕ್ಕೆ ಮತ್ತೆ ಮೈಯೊಡ್ಡುವುದಲ್ಲ. ಕುಡಿದು ಬಂದು ಹೊಡೆಯುವ ಗಂಡನಿಂದ, ಮಕ್ಕಳನ್ನು ಕೆಟ್ಟ ದೃಷ್ಟಿಯಿಂದ ಕಾಣುವ ಸಂಬಂಧಿಕನಿಂದ ದೂರ ಇರುವುದು ಹಗೆಯಲ್ಲ. ಅದು ದೇವರು ಕೊಟ್ಟ ಜೀವದ ರಕ್ಷಣೆ. ಅಂಥ ತಾಯಿಗೆ "ಹೊಂದಿಕೊಂಡು ಹೋಗಮ್ಮ" ಎಂದು ಹೇಳಿ ಕಳಿಸುವುದು ಸಂಧಾನವಲ್ಲ. ಅವಳ ರಕ್ಷಣೆಗೆ 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ಇದೆ, ಮಹಿಳಾ ಸಹಾಯವಾಣಿ 181 ಇದೆ. ಕೇಡು ಬಯಸದೆ ದೂರ ಇರುವುದಕ್ಕೂ, ಕೇಡು ಬಯಸುತ್ತಾ ದೂರ ಇರುವುದಕ್ಕೂ ಇರುವ ವ್ಯತ್ಯಾಸವನ್ನು ತಿಳಿಯುವುದಕ್ಕೇ ಪದಗಳ ಈ ಅಭ್ಯಾಸ.

ಕುಟುಂಬದಲ್ಲಿ ಚಿಂತಿಸಲು

1. ನಮ್ಮ ಮನೆಯವರು ಮಾತು ಬಿಟ್ಟಿರುವ ಮನೆ ಯಾವುದಾದರೂ ಇದೆಯೇ? ಎಷ್ಟು ವರ್ಷವಾಯಿತು? ಕಾರಣ ಎಲ್ಲರಿಗೂ ಇನ್ನೂ ನೆನಪಿದೆಯೇ?

2. ಅದಕ್ಕೆ ಸರಿಯಾದ ಹೆಸರು ಯಾವುದು: ಮುನಿಸು, ಮನಸ್ತಾಪ, ವೈಮನಸ್ಯ, ಉದಾಸೀನ, ಹಗೆ?

3. ಅವರಿಗೆ ಕಷ್ಟ ಬಂದ ಸುದ್ದಿ ಕೇಳಿದಾಗ ನಮ್ಮ ಮನಸ್ಸಿನಲ್ಲಿ ಮೊದಲು ಏಳುವ ಭಾವನೆ ಏನು?

4. ಅವರನ್ನು ಮಕ್ಕಳ ಮುಂದೆ ನಾವು ಯಾವ ಹೆಸರಿನಿಂದ ಕರೆಯುತ್ತೇವೆ?

5. ಈ ವಾರ ಅವರಿಗೆ ಹೇಳಬಹುದಾದ ಒಂದು ಸಾಮಾನ್ಯ ಮಾತು ಯಾವುದು? ಯಾರು ಹೇಳುತ್ತೀರಿ?

ಪ್ರಾರ್ಥನೆ: ಪ್ರಭು ಯೇಸುವೇ, ನಾವು ಹೊರಗಿನವರಾಗಿದ್ದಾಗ ನಮ್ಮನ್ನು ಒಳಗೆ ಕರೆದಿರಿ. ನಮ್ಮ ಮನಸ್ಸಿನಲ್ಲಿ ಮುಚ್ಚಿಟ್ಟದ್ದನ್ನು ಅದರ ನಿಜವಾದ ಹೆಸರಿನಿಂದ ಕರೆಯುವ ಧೈರ್ಯ ಕೊಡಿ. ನಿಂತುಹೋದ ಮಾತನ್ನು ಮತ್ತೆ ಆರಂಭಿಸುವ ಮೊದಲ ಪದವನ್ನು ನಮ್ಮ ನಾಲಿಗೆಯ ಮೇಲೆ ಇಡಿ. ಆಮೆನ್.